ಕರೆಂಟಿನ ಟೇಪು, ಕೋಳಿಗರಿ ಮತ್ತು ನಮ್ಮ ಚಿಗಪ್ಪ

ನಮ್ಮ ಚಿಗಪ್ಪನನ್ನು ಕಂಡರೆ ಕೊಟ್ಟೂರಿನ ಕೋಳಿಗಳು ದಿಕ್ಕಾಪಾಲಾಗಿ ಓಡುತ್ತಿದ್ದವು. ಸುಳ್ಳಲ್ಲ, ಬೇಕಿದ್ದರೆ ಆ ಕಾಲದ ಯಾವುದಾದರೂ ಹುಂಜವನ್ನು ಕೇಳಿ ನೋಡಿ! ಹಾಗಂತ ಚಿಗಪ್ಪ ಕೋಳಿ ತಿನ್ನುವವನೇ? ಶಿವಶಿವಾ! ಕೊರಳಲ್ಲಿ ಲಿಂಗ, ಹಣೆಯ ಮೇಲೆ ಮೂರು ಬೆರಳ ವಿಭೂತಿ. ಮೊಟ್ಟೆ ಎಂಬ ಮಾತು ಕಿವಿಗೆ ಬಿದ್ದರೂ ನಮ್ಮಜ್ಜಿ ಬಾಯಿ ಮುಕ್ಕಳಿಸಿ ಬರುತ್ತಿದ್ದಳು. ಅಂಥ ಮನೆಯ ಮಗ ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹಿಂದಿದ್ದ ಕೋಳಿ ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಜಾಲರಿಯೊಳಗೆ ಇಣುಕಿ, ಜವಾರಿ ಹುಂಜಗಳ ರೆಕ್ಕೆಯನ್ನು ಕಣ್ಣಲ್ಲೇ ಅಳೆಯುತ್ತಿದ್ದ.

ಅಂಗಡಿಯ ಚಾಚಾ ಮೊದಲ ದಿನ ಗಾಬರಿಯಾಗಿದ್ದನಂತೆ. "ಸಾವ್ಕಾರ್ರ, ನೀವು ಇಲ್ಲಿ? ಯಾರರ ನೋಡಿದ್ರ ನನ್ನ ಅಂಗಡಿಗೆ ಕೆಟ್ಟ ಹೆಸರು ಬರತೈತ್ರಿ!"

"ಕೋಳಿ ಬ್ಯಾಡ ಚಾಚಾ. ರೆಕ್ಕಿ ಗರಿ ಅಷ್ಟ ಸಾಕು."

"ಬರೇ ಗರಿ? ಒಯ್ರಿ, ಒಯ್ರಿ. ಇಷ್ಟು ದಿನ ಈ ಗಿರಾಕಿ ಎಲ್ಲಿದ್ದ ಅಂತೀನಿ!"

ಹೀಗೆ ಸಿಮೆಂಟ್ ಚೀಲದಲ್ಲಿ ಮನೆಗೆ ಬಂದ ಗರಿಗಳಿಗೆ ಮೊದಲು ಸ್ನಾನ. ಅದೂ ಚಿಗವ್ವನ ಶಾಂಪೂ ಪಾಕೀಟಿನಲ್ಲಿ! ಆಮೇಲೆ ಸೀರೆ ಒಣಹಾಕುವ ತಂತಿಗೆ ಒಂದೊಂದಾಗಿ ಕ್ಲಿಪ್ಪು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಕತ್ತು ಚಾಚಿ, "ಏನ್ರಿ ಅಕ್ಕಾರ, ಕೋಳಿ ಒಗದು ಹಾಕೀರೇನು?" ಎಂದು ಕೇಳಿದಳು. ನಮ್ಮ ಚಿಗವ್ವ ಸೋಲುವವಳೇ? "ಕೋಳಿ ಇನ್ನಾ ಜಳಕ ಮಾಡಾಕತ್ತೈತ್ರಿ. ಅದರ ಅಂಗಿ ಅಷ್ಟ ಒಗದು ಹಾಕೀನಿ" ಎಂದಳು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಪಿಯುಸಿ ಓದಲು ಚಿಗಪ್ಪನ ಮನೆಯಲ್ಲಿದ್ದೆ. ಅವನದು ಮೋಟರ್ ರಿವೈಂಡಿಂಗ್ ಅಂಗಡಿ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಎಲ್ಲಿ ಬೋರ್‌ವೆಲ್ ಮೋಟರ್ ಸುಟ್ಟರೂ ಅದು ಟ್ರ್ಯಾಕ್ಟರ್ ಹತ್ತಿ ಬಂದು ಇವನ ಅಂಗಡಿಯ ಮುಂದೆ ಮಲಗುತ್ತಿತ್ತು. ಚಿಗಪ್ಪನ ಜೇಬಿನಲ್ಲಿ ಕರ್ಚೀಫ್ ಇಲ್ಲದ ದಿನವಿದ್ದೀತು, ಕರೆಂಟಿನ ವೈರಿಗೆ ಸುತ್ತುವ ಟೇಪಿನ ಸುರುಳಿ ಇಲ್ಲದ ದಿನವಿಲ್ಲ. ಕನ್ನಡಕದ ಕಾಲಿಗೆ ಟೇಪು, ಛತ್ರಿಯ ಕಡ್ಡಿಗೆ ಟೇಪು, ಸೈಕಲ್ಲಿನ ಸೀಟಿಗೆ ಟೇಪು. ನನ್ನ ಜಡೆಯ ರಿಬ್ಬನ್ನು ಕಳೆದ ದಿನ ಅವನು ಕೆಂಪು ಟೇಪಿನ ಸುರುಳಿ ಹಿಡಿದು ನನ್ನ ಕಡೆಗೇ ಬಂದಿದ್ದ. ನಾನು ತಪ್ಪಿಸಿಕೊಂಡೆ.

ಇಂಥವನಿಗೆ ಅಂಬಿನ ಹುಚ್ಚು ಹತ್ತಿದ್ದು ನಮ್ಮಜ್ಜನಿಂದ. ನಮ್ಮೂರು ಕೊಟ್ಟೂರಿನಿಂದ ಕೂಡ್ಲಿಗಿ ಕಡೆಗೆ ನಾಲ್ಕಾರು ಮೈಲಿ. ವಿಜಯದಶಮಿಯ ದಿನ ಸಂಜೆ ಬನ್ನಿಗಿಡದ ಹತ್ತಿರ ಒಂದು ಬಾಳೆಕಂಬ ನೆಡುತ್ತಾರೆ. ಗೌಡರ ಮನೆಯ ಹಿರಿಯ, ಅಂದರೆ ನಮ್ಮಜ್ಜ, ಮೂರು ಅಂಬಿನೊಳಗೆ ಅದಕ್ಕೆ ಹೊಡೆಯಬೇಕು. ಅಂಬು ನಾಟುವವರೆಗೆ ಊರಲ್ಲಿ ಯಾರೂ ಬನ್ನಿ ಮುಡಿಯುವಂತಿಲ್ಲ. ಅಜ್ಜ ನಲವತ್ತು ವರ್ಷ ಮೊದಲ ಅಂಬಿಗೇ ಕೆಲಸ ಮುಗಿಸಿದವನು. ಆಮೇಲೆ ಕೈ ನಡುಗಲು ಶುರುವಾಯಿತು. ಹಿಂದಿನ ವರ್ಷವಂತೂ ಒಂದಂಬು ಬೇಲಿಗೆ, ಒಂದು ಆಕಾಶಕ್ಕೆ, ಮೂರನೆಯದು ಡೊಳ್ಳಿನವನ ಡೊಳ್ಳಿಗೆ! ಡೊಳ್ಳು ನಿಂತುಹೋಯಿತು. ಪೂಜಾರಿ ಕುಡುಗೋಲಿನಿಂದ ಬಾಳೆಕಂಬ ಕಡಿದು "ಆತು, ಆತು" ಎಂದು ಸುಧಾರಿಸಿದ. ಹಿರಿಯರು ಮಾತ್ರ ಸುಮ್ಮನಿರಲಿಲ್ಲ. "ಗೌಡ್ರ, ಬರೋ ವರ್ಷನೂ ಹಿಂಗ ಆದ್ರ ಬಿಲ್ಲು ಮಕ್ಕಳ ಕೈಯಾಗ ಕೊಟ್ಟುಬಿಡ್ರಿ" ಎಂದರು.

ಅಜ್ಜ ಮನೆಗೆ ಬಂದು ಬಿಲ್ಲನ್ನು ಗೂಟಕ್ಕೆ ಹಾಕಿ ಹೇಳಿದ್ದು ಒಂದೇ ಮಾತು: "ಬಿಲ್ಲು ಇಳಿಸಿದ ದಿನ ನನ್ನನ್ನೂ ಕುಣ್ಯಾಗ ಇಳಿಸಿಬಿಡ್ರಿ." ಒಂದು ತಿಂಗಳು ಕಟ್ಟೆಯ ಕಡೆ ಹೋಗಲಿಲ್ಲ, ರೊಟ್ಟಿ ಅರ್ಧಕ್ಕೇ ಬಿಟ್ಟೇಳುತ್ತಿದ್ದ.

ನಮ್ಮಪ್ಪ ತಮ್ಮನಿಗೆ ಬುದ್ಧಿ ಹೇಳಿದ. "ನನಗಂತೂ ಗುರಿ ಬರಂಗಿಲ್ಲ. ನೀನ ಬಿಲ್ಲು ಹಿಡಿಯಪ್ಪ, ಮುಗೀತಲ್ಲ."

"ಅಪ್ಪ ಇರೋ ಮಟ ಅದು ಅಪ್ಪನ ಬಿಲ್ಲು ಅಣ್ಣಾ. ಕೈ ರಿಪೇರಿ ಆಗಂಗಿಲ್ಲ, ಒಪ್ಪೀನಿ. ಅಂಬು ರಿಪೇರಿ ಆಕ್ಕೈತಿ" ಎಂದ ಚಿಗಪ್ಪ.

ಅಟ್ಟದ ಮೇಲಿದ್ದ ಹಳೆಯ ಅಂಬುಗಳನ್ನು ಇಳಿಸಿ ನೋಡಿದರೆ ಗರಿಗಳನ್ನು ನುಸಿ ತಿಂದಿತ್ತು. ಸರೇಸಿನ ಅಂಟು ಕಾಯಿಸಿ, ನೂಲು ಸುತ್ತಿ ಗರಿ ಕಟ್ಟುತ್ತಿದ್ದ ಮುದುಕ ತೀರಿಹೋಗಿ ಎಷ್ಟೋ ವರ್ಷವಾಗಿತ್ತು, ವಿದ್ಯೆಯನ್ನೂ ಜತೆಗೇ ಒಯ್ದಿದ್ದ. ಚಿಗಪ್ಪನಿಗೆ ಗೊತ್ತಿದ್ದ ಅಂಟಿನ ವಿದ್ಯೆ ಒಂದೇ ಅಲ್ಲವೇ? ಬಿದಿರ ಕಡ್ಡಿಗೆ ಮೂರು ಗರಿ ಇಟ್ಟ, ಕರೆಂಟಿನ ಟೇಪು ಸುತ್ತಿದ, ಅಂಗಡಿಯ ಹಿತ್ತಲಲ್ಲಿ ಹುಲ್ಲು ತುಂಬಿದ ಚೀಲ ನಿಲ್ಲಿಸಿ ಹೊಡೆದ.

ಅಂಬು ಚೀಲದ ಕಡೆಗೇ ಹೊರಟಿತ್ತು, ನಾನೇ ನೋಡಿದ್ದೇನೆ. ಅರ್ಧ ದಾರಿಯಲ್ಲಿ ಅದಕ್ಕೆ ಏನೋ ನೆನಪಾಯಿತು. ಗಿರಗಿರನೆ ತಿರುಗಿ, ಎಡಕ್ಕೆ ಹೊರಳಿ, ಕಾಂಪೌಂಡ್ ದಾಟಿ, ರಸ್ತೆಯಲ್ಲಿ ನಿಂತಿದ್ದ ಹರಪನಹಳ್ಳಿ ಬಸ್ಸಿನ ಮೇಲಿದ್ದ ಉಳ್ಳಾಗಡ್ಡಿ ಚೀಲಕ್ಕೆ ನಾಟಿತು. ನಾವು ಓಡಿ ಬರುವಷ್ಟರಲ್ಲಿ ಬಸ್ಸು ಹೊರಟಿತ್ತು! ಮರುದಿನ ಕಂಡಕ್ಟರ್ ಅಂಬನ್ನು ತಂದು ಕೌಂಟರಿನ ಮೇಲಿಟ್ಟು, "ನಿಮ್ಮ ಪ್ಯಾಸೆಂಜರ್ ಟಿಕೀಟ್ ತಗೊಂಡಿಲ್ರಿ" ಎಂದ.

ಯಾಕೆ ಹೀಗೆ? ಚಿಗಪ್ಪ ಮೂರು ವಾರ ತಲೆ ಕೆಡಿಸಿಕೊಂಡ. ಕಡೆಗೆ ಗುಟ್ಟು ಬಿಚ್ಚಿದವನು ಕೋಳಿ ಚಾಚಾ. ಅಂಬನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡಿ ಬಿದ್ದು ಬಿದ್ದು ನಕ್ಕ. "ಅರೇ ಸಾವ್ಕಾರ್ರ! ಕೋಳಿಗೆ ರೆಕ್ಕಿ ಎಷ್ಟ್ರಿ? ಎರಡು. ಎಡಗಡೀ ಗರಿ ಹಿಂಗ ಬಾಗತೈತಿ, ಬಲಗಡೀದು ಹಂಗ ಬಾಗತೈತಿ. ನೀವು ಎರಡನ್ನೂ ಕಲಸಿಬಿಟ್ಟೀರಿ! ಒಂದು ಈ ಕಡೆ ಎಳೀತೈತಿ, ಒಂದು ಆ ಕಡೆ. ಪಾಪ, ಅಂಬು ಯಾರ ಮಾತು ಕೇಳಬೇಕು?"

ನೋಡಿ, ಕೋಳಿ ತಿನ್ನುವ ಮನೆಯ ಮಗುವಿಗೂ ಗೊತ್ತಿರುವ ಸಂಗತಿ. ನಮ್ಮ ಮನೆಯ ಏಳು ತಲೆಮಾರಿಗೂ ಗೊತ್ತಿರಲಿಲ್ಲ! ಚಿಗಪ್ಪ ಹಣೆ ಹಣೆ ಬಡಿದುಕೊಂಡ. "ಥೂ, ಇದು ನಮ್ಮ ಮೋಟರಿನ ಕಥಿನ ಅಲ್ಲ ಚಾಚಾ! ಮೂರು ಫೇಸಿನಾಗ ಎರಡು ಅದಲುಬದಲು ಆದ್ರ ಮೋಟರ್ ಉಲ್ಟಾ ತಿರುಗತೈತಿ!" ಅಂದಿನಿಂದ ಗರಿಗಳಿಗೆ ಎರಡು ಡಬ್ಬಿ, ಎಡಕ್ಕೊಂದು ಬಲಕ್ಕೊಂದು. ಮೂರು ಗರಿಗೆ ಮೂರು ಬಣ್ಣದ ಟೇಪು: ಕೆಂಪು, ಹಳದಿ, ನೀಲಿ. ನಮ್ಮ ತಾಲೂಕಿನ ಮೊದಲ ತ್ರೀ ಫೇಸ್ ಅಂಬು ಹುಟ್ಟಿದ್ದು ಹೀಗೆ.

ಹುಟ್ಟಿದ್ದೇನೋ ಸರಿ, ನಮ್ಮ ಕಡೆಯ ಬೇಸಿಗೆಯನ್ನು ಬದುಕಿ ಉಳಿಯಬೇಕಲ್ಲ? ಏಪ್ರಿಲ್ ಬಂತು. ಟೇಪಿನ ಅಂಟು ಬೆಲ್ಲದ ಪಾಕದಂತೆ ಇಳಿಯತೊಡಗಿತು. ಬೆಳಿಗ್ಗೆ ಅಂಬಿನ ಬಾಲದಲ್ಲಿದ್ದ ಗರಿ ಮಧ್ಯಾಹ್ನದ ಹೊತ್ತಿಗೆ ನಡುವಿಗೆ ಬಂದು ಕೂತಿರುತ್ತಿತ್ತು. ಚಿಗಪ್ಪ ಟೇಪಿನ ಸುರುಳಿಗಳನ್ನು ಕುಡಿಯುವ ನೀರಿನ ಗಡಿಗೆಯ ಮಗ್ಗುಲಲ್ಲಿ ಒದ್ದೆ ಬಟ್ಟೆ ಹೊದಿಸಿ ಮಲಗಿಸಿದ. ಮನೆಯಲ್ಲಿ ನಮಗಿಲ್ಲದ ಉಪಚಾರ ಅವಕ್ಕೆ! ಗಿರಾಕಿಗಳು ಟೇಪು ಕೇಳಿದರೆ, "ಒಳ್ಳೇದು ಇಲ್ಲ, ಬ್ಯಾರೆ ಅಂಗಡ್ಯಾಗ ನೋಡ್ರಿ" ಎಂದು ಕಳಿಸುತ್ತಿದ್ದ.

ಆದರೆ ಅವನು ಗರಿ ಅಂಟಿಸುವುದನ್ನು ನೋಡಬೇಕಿತ್ತು ನೀವು. ಗರಿಯ ದಂಟನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ತುದಿಗಳಲ್ಲಿ ಅರ್ಧ ಬೆರಳು ಬೋಳಾಗಿ ಬಿಟ್ಟು, ಕಡ್ಡಿಯ ಮೇಲೆ ನೆಟ್ಟಗೆ ಕೂರಿಸಿ, ಆ ಬೋಳು ತುದಿಗಳ ಮೇಲೆ ಟೇಪು ಸುತ್ತುತ್ತಿದ್ದ. ಆಗ ಅವನು ಉಸಿರಾಡುತ್ತಿರಲಿಲ್ಲ. ನಾನೂ ಪುಸ್ತಕ ಮುಚ್ಚಿ ಉಸಿರು ಹಿಡಿದು ಕೂರುತ್ತಿದ್ದೆ. ಸುಟ್ಟ ತಂತಿ ಬಿಚ್ಚಿ ಬಿಚ್ಚಿ ಕಪ್ಪಾದ ಆ ದಪ್ಪ ಬೆರಳುಗಳಿಗೆ ಅಷ್ಟು ನಾಜೂಕು ಎಲ್ಲಿಂದ ಬರುತ್ತಿತ್ತೋ! "ಮೊದಲ ಸುತ್ತು ಎಳದು ಸುತ್ತಬೇಕು. ಕೊನೀ ಸುತ್ತು ಎಳೀಬಾರದವ್ವ, ಮಲಗಿಸಬೇಕು. ಎಳದ್ರ ಟೇಪು ಸಿಟ್ಟಾಗಿ ತುದಿ ಎತ್ತತೈತಿ" ಎನ್ನುತ್ತಿದ್ದ. ಬೇಸಿಗೆ ಕಳೆಯುವ ಹೊತ್ತಿಗೆ ಒಂದು ಗರಿಯೂ ಅಲುಗುತ್ತಿರಲಿಲ್ಲ. ಅವನು ಬಿಟ್ಟ ಅಂಬು ಹತ್ತಕ್ಕೆ ಹತ್ತು ಚೀಲಕ್ಕೇ ನಾಟುತ್ತಿತ್ತು.

ನಾನು ಚಪ್ಪಾಳೆ ತಟ್ಟಿದೆ. ಚಿಗಪ್ಪನ ಮುಖ ಮಾತ್ರ ಅರಳಲಿಲ್ಲ. "ಇದು ನನ್ನ ಕೈಯಾಗಿಂದ ಹೋದ ಅಂಬು. ಅಪ್ಪನ ಕೈಯಾಗಿಂದ ಹೋದ್ರ?"

ಈಗ ಕೇಳಿ ಅವನ ಮಹಾ ಪ್ರಯೋಗ. ಅಜ್ಜ ಪ್ರತಿ ಸೋಮವಾರ ಕೊಟ್ಟೂರಿನ ಗುಡಿಗೆ ಬಂದವನು ನಮ್ಮ ಮನೆಯಲ್ಲಿ ಚಹಾ ಕುಡಿದು ಹೋಗುತ್ತಿದ್ದ. ಚಿಗಪ್ಪ ಬೇಕಂತಲೇ ಕಪ್ಪನ್ನು ತುಂಬ ತುಂಬಿ, ಸಾಸರ್ ಸಮೇತ ಕೊಡುತ್ತಿದ್ದ. ಅಜ್ಜ ಹೋದ ಮೇಲೆ ಸಾಸರಿನಲ್ಲಿ ಚೆಲ್ಲಿದ ಚಹಾವನ್ನು ಚಮಚೆಯಲ್ಲಿ ಅಳೆಯುತ್ತಿದ್ದ! ಒಂದೂವರೆ ಚಮಚೆ. ಆಮೇಲೆ ಬೇರಿಂಗ್ ಸವೆದು ಗಡಗಡ ನಡುಗುವ ಮೋಟರ್ ಚಾಲೂ ಮಾಡಿ, ಅದರ ಮೇಲೆ ಮೊಣಕೈ ಊರಿ, ಅದೇ ಕಪ್ಪು ಸಾಸರ್ ಹಿಡಿದು ನಿಲ್ಲುತ್ತಿದ್ದ. ಐದು ಎಚ್‌ಪಿ ಮೋಟರಿಗೆ ಚಹಾ ಚಿಗವ್ವನ ಸೀರೆಯವರೆಗೂ ಹಾರಿತು. "ಅಪ್ಪಂದು ಇಷ್ಟಿಲ್ಲ" ಎಂದ. ಮಿಕ್ಸಿಯ ಮೇಲೆ ಕೈಯಿಟ್ಟ, "ಇಷ್ಟು ಸಣ್ಣ ನಡುಕ ಅಲ್ಲ" ಎಂದ. "ನಾ ಚಟ್ನಿ ರುಬ್ಬಲ್ಯೋ, ನಿಮ್ಮ ಕೈ ರುಬ್ಬಲ್ಯೋ?" ಎಂದು ಚಿಗವ್ವ ಮಿಕ್ಸಿ ಕಸಿದುಕೊಂಡು ಹೋದಳು. ಕಡೆಗೆ ಯಾರೋ ಬಿಟ್ಟುಹೋದ ಅರ್ಧ ಎಚ್‌ಪಿ ಮೋಟರಿಗೆ ಸರಿಯಾಗಿ ಒಂದೂವರೆ ಚಮಚೆ ಚೆಲ್ಲಿತು.

"ಸಿಕ್ತು!" ಎಂದು ಚಿಗಪ್ಪ ಕೂಗಿದ. "ಇದ ನೋಡು ನಮ್ಮಪ್ಪನ ಕೈ!"

ನನಗೆ ನಗು ಬಂದಿತ್ತು. ಆದರೆ ಅವನು ಆ ಮೋಟರಿನ ಮೇಲೆ ಮೊಣಕೈ ಊರಿ, ತನ್ನ ಗಟ್ಟಿ ಕೈಯನ್ನು ಎಪ್ಪತ್ತೈದರ ಮುದುಕನ ಕೈ ಮಾಡಿಕೊಂಡು, ದಿನಾ ಸಂಜೆ ಅಂಬು ಬಿಡುತ್ತ ನಿಂತಾಗ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಂಬು ಬಾಲ ಬಡಿಯುತ್ತ ಹೊರಡುತ್ತಿತ್ತು. ಚಿಗಪ್ಪ ಗರಿಯನ್ನು ಅರ್ಧ ಬೆರಳು ಉದ್ದ ಮಾಡುವನು, ಮತ್ತೆ ಬಿಡುವನು. ಚೂರು ಎತ್ತರ ಮಾಡುವನು, ಮತ್ತೆ ಬಿಡುವನು. ಶ್ರಾವಣ ಕಳೆಯಿತು, ಭಾದ್ರಪದ ಬಂತು. ಒಂದು ಸಂಜೆ ಅಂಬು ನಡುಗುತ್ತಲೇ ಹೊರಟು, ನಾಲ್ಕು ಮಾರು ಹೋಗುವುದರೊಳಗೆ ನೆಟ್ಟಗಾಗಿ, ಚೀಲಕ್ಕೆ ಹೋಗಿ ನಾಟಿತು. ಒಬ್ಬ ಮನುಷ್ಯ ಇನ್ನೊಬ್ಬನ ನಡುಕವನ್ನು ಇಷ್ಟು ಓದಿಕೊಳ್ಳಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಂಬುಗಳನ್ನು ನೋಡಿ ಅಜ್ಜ ಮಾತ್ರ ಕೆಂಡವಾದ. "ಇದೇನಲೇ ಹುಚ್ಚ, ಅಂಬೋ ಕರೆಂಟ್ ಕಂಬೋ? ದೇವರ ಅಂಬಿಗೆ ಕರೆಂಟಿನ ಟೇಪು ಸುತ್ತೀಯಲ್ಲ, ಶಾಕ್ ಹೊಡದ್ರ?"

"ಶಾಕ್ ಹೊಡೀಬಾರದು ಅಂತನ ಟೇಪು ಸುತ್ತೋದಪ್ಪ!"

ಅಜ್ಜ ಅಂಬನ್ನು ಹೊರಳಿಸಿ ಹೊರಳಿಸಿ ನೋಡಿದ. ಗರಿ ಯಾವುದರದೆಂದು ಅಜ್ಜ ಕೇಳಲಿಲ್ಲ, ಚಿಗಪ್ಪ ಹೇಳಲಿಲ್ಲ, ಹುಂಜವಂತೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಮೂರು ಅಂಬುಗಳು ದೇವರ ಮನೆ ಸೇರಿದವು.

ವಿಜಯದಶಮಿ ಬಂತು. ಊರಿನವರು ಕರುಣೆಯಿಂದ ಬಾಳೆಕಂಬವನ್ನು ಹತ್ತು ಹೆಜ್ಜೆ ಮುಂದಕ್ಕೆ ನೆಟ್ಟಿದ್ದರು. ಅಜ್ಜ ರುಮಾಲು ಸುತ್ತಿಕೊಂಡು ಬಂದವನು ಸುಮ್ಮನೆ ಹೆಜ್ಜೆ ಎಣಿಸಿದ. "ಕಂಬಕ್ಕ ಯಾವಾಗಿಂದ ಕಾಲು ಬಂದಾವು? ಹಿಂದಕ್ಕ ನೆಡ್ರಿ" ಎಂದ. ಹಿಂದಕ್ಕೆ ನೆಟ್ಟರು. ಪಕ್ಕದಲ್ಲಿ ಅಂಬು ಹಿಡಿದು ನಿಂತಿದ್ದ ಚಿಗಪ್ಪನ ವಿಭೂತಿ ಬೆವರಿಗೆ ಕರಗಿ ಮೂಗಿಗೆ ಇಳಿಯಿತು.

ಮೊದಲ ಅಂಬು ಕಂಬದ ತಲೆಯ ಮೇಲಿಂದ ಹೋಯಿತು. ಜನ ಉಸ್ಸೆಂದರು. ಎರಡನೆಯದು ಎರಡು ಮಾರು ಮುಂಚೆಯೇ ನೆಲ ಕಚ್ಚಿತು. ಡೊಳ್ಳಿನವನು ಮೆಲ್ಲಗೆ ಡೊಳ್ಳನ್ನು ಬೆನ್ನಿಗೆ ಸರಿಸಿಕೊಂಡ. ಮೂರನೆಯದನ್ನು ಹೂಡುವಾಗ ಅಜ್ಜನ ಕೈ ಎಷ್ಟು ನಡುಗುತ್ತಿತ್ತೆಂದರೆ ಅಂಬಿನ ಕಡ್ಡಿ ಬಿಲ್ಲಿಗೆ ತಾಗಿ ಟಕಟಕ ಸದ್ದು ಕೇಳುತ್ತಿತ್ತು. ಹಿರಿಯರು ಮುಖ ಮುಖ ನೋಡಿಕೊಂಡರು. ಅಜ್ಜ ಅಂಬು ಬಿಟ್ಟ. ಅದು ಬಾಲ ಬಡಿಯುತ್ತ, ಹೊರಳಾಡುತ್ತ ಹೊರಟಿತು. ನಾನು ಕಣ್ಣು ಮುಚ್ಚಿದೆ. ಥಪ್ ಎಂಬ ಸದ್ದಿಗೆ ತೆರೆದರೆ ಕೆಂಪು, ಹಳದಿ, ನೀಲಿ ಬಾಲ ಬಾಳೆಕಂಬದ ನಟ್ಟನಡುವೆ ನಿಂತಿತ್ತು!

ಊರಿಗೆ ಊರೇ ಕೂಗಿತು. ಎಲ್ಲರೂ ಬನ್ನಿಗಿಡಕ್ಕೆ ಮುಗಿಬಿದ್ದರು. ನಮ್ಮ ಕಡೆ ಸಣ್ಣವರು ದೊಡ್ಡವರಿಗೆ ಬನ್ನಿ ಕೊಟ್ಟು ಕಾಲಿಗೆ ಬೀಳಬೇಕು, ದೊಡ್ಡವರು "ಬಂಗಾರದಂಗ ಇರು" ಎಂದು ಹರಸಬೇಕು. ಊರಿನ ಮೊದಲ ಬನ್ನಿ ಸಲ್ಲುವುದು ಅಜ್ಜನಿಗೆ. ಜನ ಎಲೆ ಹಿಡಿದು ಅವನ ಮುಂದೆ ಸಾಲುಗಟ್ಟಿದರು. ಅಜ್ಜ ಯಾರಿಗೂ ಕೈಯೊಡ್ಡಲಿಲ್ಲ. ಬಿಲ್ಲನ್ನು ನಮ್ಮಪ್ಪನಿಗೆ ಹಿಡಿಯಲು ಕೊಟ್ಟು, ತಾನೇ ಎರಡು ಎಲೆ ಕಿತ್ತುಕೊಂಡು ಹೊಲದ ಕಡೆ ನಡೆದ.

ಅಲ್ಲಿ ಚಿಗಪ್ಪ ಮೊಣಕಾಲೂರಿ ಕೂತಿದ್ದ. ಗುರಿ ತಪ್ಪಿದ ಅಂಬನ್ನು ಹುಡುಕಿ ತೆಗೆದು, ಟೇಪಿನ ತುದಿಯನ್ನು ಉಗುರಿನಿಂದ ಪರೀಕ್ಷಿಸುತ್ತಿದ್ದ. ಅಜ್ಜ ಬಂದದ್ದನ್ನು ನೋಡಿ, "ಇದರಾಗ ನನ್ನದ ತಪ್ಪೈತಪ್ಪ..." ಎಂದು ಶುರುಮಾಡಿದ.

"ಏಳು ಮ್ಯಾಲೆ" ಎಂದ ಅಜ್ಜ. ಎಲೆಯನ್ನು ಅವನ ಕೈಯಲ್ಲಿಟ್ಟ.

ಚಿಗಪ್ಪ ಗಾಬರಿಯಾದ. "ಅಪ್ಪಾ, ಮೊದಲು ನಾ ಕೊಡಬೇಕು ನಿನಗ. ಊರು ನೋಡಾಕತ್ತೈತಿ."

"ನೋಡ್ಲಿ." ಅಜ್ಜ ಮಗನ ಮುಷ್ಟಿಯನ್ನು ತನ್ನ ನಡುಗುವ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ. "ಊರಿಗೆಲ್ಲ ಬಂಗಾರದಂಗ ಇರ್ರಿ ಅಂತೀನಿ. ನಿನಗ ಏನಂತ ಹೇಳ್ಲೋ ಮಗನ? ನೀ ಬಂಗಾರನ ಅದೀ."

ಚಿಗಪ್ಪ ಅಪ್ಪನ ಎದೆಗೆ ಹಣೆ ಹಚ್ಚಿ ಹಾಗೇ ನಿಂತುಬಿಟ್ಟ. ಅವನ ಹೆಗಲು ಕುಣಿಯುತ್ತಿದ್ದುದು ದೂರಕ್ಕೂ ಕಾಣುತ್ತಿತ್ತು. ಕೈಯಲ್ಲಿ ಎಲೆ ಹಿಡಿದುಕೊಂಡೇ ಊರೆಲ್ಲ ಬಹಳ ಹೊತ್ತು ಕಾದು ನಿಂತಿತು, ಯಾರೂ ಅವರನ್ನು ಕರೆಯಲಿಲ್ಲ.