ವೈದ್ಯರ ಬಲ ಇಳಿಸಿದ ದಿನ

ತಕ್ಕಡಿ ಬದಲಾಯಿಸಿದ್ದು ಒಂದೇ ಒಂದು ಅಂಕಿ. ನೂರಿದ್ದದ್ದನ್ನು ಅರವತ್ತು ಮಾಡಿದ. ಅಷ್ಟಕ್ಕೇ ಬೆಳಗಿನ ಚಹಾ ಆರುವುದರೊಳಗೆ ಅವನ ಮನೆ ಸಾವಿನ ಮನೆಯಂತಾಯಿತು.

ಅವನ ಉದ್ಯೋಗವೇ ಅದು. ಸಾವಿರಾರು ಜನ ತಂತಮ್ಮ ಮನೆಯಲ್ಲಿ ಕೂತು ಒಟ್ಟಿಗೆ ಆಡುವ ಆನ್‌ಲೈನ್ ಆಟವೊಂದರಲ್ಲಿ ಯೋಧ, ಬಿಲ್ಲುಗಾರ, ಮಾಂತ್ರಿಕ, ವೈದ್ಯ ಎಂಬ ನಾಲ್ಕು ವರ್ಗಗಳಿದ್ದವು. ಯಾರ ಬಲವೂ ಅತಿಯಾಗದಂತೆ ಅಂಕಿಗಳನ್ನು ಏರಿಸಿ ಇಳಿಸಿ ಸರಿದೂಗಿಸುವವನು ಇವನಾದ್ದರಿಂದ ಕಚೇರಿಯವರು ತಕ್ಕಡಿ ಎಂದು ಹೆಸರಿಟ್ಟಿದ್ದರು. ಈಚೆಗೆ ಆಟದಲ್ಲಿ ವೈದ್ಯರ ಕೈ ಮೇಲಾಗಿತ್ತು. ಎಂಥ ಗಾಯವನ್ನೂ ಅವರು ಮಾಯಿಸಿಬಿಡುತ್ತಿದ್ದುದರಿಂದ ಯಾರೂ ಸಾಯುತ್ತಲೇ ಇರಲಿಲ್ಲ. ಸಾಯದ ಯುದ್ಧದಲ್ಲಿ ರುಚಿ ಕೆಟ್ಟು ಯೋಧರು ಆಟ ಬಿಡುತ್ತಿದ್ದರು. ಜನ ಕಡಿಮೆಯಾದಂತೆ ಕಚೇರಿಯಲ್ಲಿ ಕುರ್ಚಿಗಳೂ ಖಾಲಿಯಾಗುತ್ತಿದ್ದವು. ತಕ್ಕಡಿ ಹೆದರಿ ವೈದ್ಯರ ಬಲ ಇಳಿಸಿದ್ದ.

ತೊಂದರೆ ಏನೆಂದರೆ ಅವನ ಅತ್ತೆ ಆ ಆಟದಲ್ಲಿ ವೈದ್ಯೆ. ಮಾವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಒಳಕೋಣೆಯ ಹಾಸಿಗೆ ಹಿಡಿದಾಗ ಅತ್ತೆ ಮಂಕಾಗಿದ್ದರು. ಮನಸ್ಸಿಗೆ ಹಗುರವಾಗಲಿ ಎಂದು ಆಟ ಕಲಿಸಿದವನೂ ಈ ಅಳಿಯನೇ. ಅಂಕಿಗಳೂ ಅವನ ಕೈಯಲ್ಲೇ ಇವೆ ಎಂಬುದು ಮಾತ್ರ ಅತ್ತೆಗೆ ಗೊತ್ತಿರಲಿಲ್ಲ. ಈಗ ಮಾವನಿಗೆ ಔಷಧಿ ಕೊಟ್ಟು ಬಂದು ಕಿವಿಗೆ ಹೆಡ್‌ಫೋನ್ ಏರಿಸಿದರೆಂದರೆ ಮುಂದಿನ ಔಷಧಿಯ ಹೊತ್ತಿಗೇ ಅವರು ಏಳುತ್ತಿದ್ದದ್ದು.

"ಎಲ್ಲರೂ ಸತ್ತರು ಕಣೇ," ಅತ್ತೆ ಮಗಳಿಗೆ ಹೇಳುತ್ತಿದ್ದರು. "ನನ್ನ ಕೈ ಕೆಳಗೇ ಒಬ್ಬೊಬ್ಬರಾಗಿ ಸತ್ತರು. ಆಮೇಲೆ ತಂಡದೋರು, ನೀವು ಸ್ವಲ್ಪ ರೆಸ್ಟ್ ತಗೊಳ್ಳಿ ಅಮ್ಮಾ ಅಂತ ನನ್ನೇ ಹೊರಗೆ ಹಾಕಿದ್ರು."

ಹೆಂಡತಿ ಗಂಡನನ್ನು ಅಡುಗೆಮನೆಗೆ ಕರೆದಳು. "ನೀನೇ ತಾನೇ?"

"ಆಟ ಸಮ ಆಗ್ಬೇಕಿತ್ತು."

"ಸಾಯಂಕಾಲದೊಳಗೆ ಅಮ್ಮನ ಕೈ ಮೊದಲಿನ ಹಾಗೆ ಆಗ್ಬೇಕು. ಇಲ್ದಿದ್ರೆ ಯಾರು ಮಾಡಿದ್ದು ಅಂತ ನಾನೇ ಹೇಳ್ತೀನಿ. ಆಮೇಲೆ ನಿಮ್ಮಿಬ್ಬರನ್ನ ಸಮ ಮಾಡೋಕೆ ನನ್ನಿಂದ ಆಗಲ್ಲ."

ಮೆಟ್ಟಿಲಲ್ಲಿ ಕೆಳಮನೆಯ ದಂತವೈದ್ಯ ಅಡ್ಡ ಹಾಕಿದ. ಆಟದಲ್ಲಿ ಅವನು ಯೋಧ, ಅತ್ತೆಯ ತಂಡದವನೇ. ನಿದ್ದೆಗೆಟ್ಟ ಗೂಬೆಯಂತಿದ್ದ.

"ಕ್ಲಿನಿಕ್ ತೆಗೆಯೋ ಮುಂಚೆನೇ ಎಷ್ಟು ಸಲ ಸತ್ತೆ ಗೊತ್ತಾ? ಕೈ ನಡುಗ್ತಿದೆ ನೋಡಿ," ಎಂದು ಎರಡೂ ಕೈ ಮುಂದೆ ಚಾಚಿದ. "ಈ ಕೈಯಲ್ಲಿ ಈಗ ಒಬ್ಬರ ದವಡೆಗೆ ಡ್ರಿಲ್ ಇಡ್ಬೇಕು. ಅವರಿಗೇನಾದ್ರೂ ಆದ್ರೆ ನಿಮ್ಮ ಹೆಸರೇ ಹೇಳ್ತೀನಿ."

"ಅಮ್ಮನ್ನ ತಂಡದಿಂದ ತೆಗೆದಿದ್ದು ನೀವೇ ಅಲ್ವಾ?"

"ಬದುಕಿಸೋಕೆ ಆಗದೋರನ್ನ ಇಟ್ಕೊಂಡು ಏನ್ಮಾಡೋದು ಹೇಳಿ. ಬೇಜಾರು ನಮಗೂ ಇದೆ."

ಕಚೇರಿಯಲ್ಲಿ ದೂರು ಸ್ವೀಕರಿಸುವ ಹುಡುಗಿ ಹೆಡ್‌ಸೆಟ್ ಕಳಚಿ ಮೇಜಿನ ಮೇಲೆ ತಲೆಯಿಟ್ಟಿದ್ದಳು. "ಒಬ್ಬರು ಅಳ್ತಾರೆ, ಒಬ್ಬರು ಬಯ್ತಾರೆ, ಒಬ್ಬರು ಎರಡೂ ಮಾಡ್ತಾರೆ. ನಿಮ್ಮ ನಂಬರು ಯಾರಿಗೆ ಕೊಡ್ಲಿ ಹೇಳಿ," ಎಂದಳು.

ಎಲ್ಲರೂ ಗೋಡೆಯ ದೊಡ್ಡ ಪರದೆಯ ಮುಂದೆ ನಿಂತಿದ್ದರು. ಆಟದ ರಾಜಧಾನಿಯ ಚೌಕದಲ್ಲಿ ಬಿಳಿ ನಿಲುವಂಗಿಯ ವೈದ್ಯರೆಲ್ಲ ಪ್ರತಿಭಟನೆಗೆಂದು ಸಾಲುಸಾಲಾಗಿ ಸತ್ತಂತೆ ಮಲಗಿದ್ದರು. ಹಾಗೆ ಮಲಗಿಸಿಬಿಟ್ಟ ಪಾತ್ರವನ್ನು ಆಡುವವರು ಕೂತು ಕಾಯಬೇಕಿಲ್ಲ. ಎದ್ದು ತಮ್ಮ ಕೆಲಸಕ್ಕೆ ಹೋಗಬಹುದು, ಹೆಣ ಅಲ್ಲೇ ಬಿದ್ದಿರುತ್ತದೆ. ಅಂಗಡಿಗೆ ದಾರಿಯಿಲ್ಲ, ಅರಮನೆಗೆ ದಾರಿಯಿಲ್ಲ. ಆಟವೇ ನಿಂತಿತ್ತು. ಮೊದಲ ಸಾಲಿನಲ್ಲೇ ತಕ್ಕಡಿಗೆ ಅತ್ತೆಯ ಪಾತ್ರ ಕಾಣಿಸಿತು. ಎದೆಯ ಮೇಲೆ ಕೈ ಜೋಡಿಸಿಕೊಂಡು ನೆಮ್ಮದಿಯಾಗಿ ಸತ್ತಿದ್ದರು.

"ಯಾರಾದ್ರೂ ಸಾಯ್ಬೇಕು ಅಂದ್ರಿ," ಹಿಂದಿನಿಂದ ಮೇಲಧಿಕಾರಿ ತಣ್ಣಗೆ ಹೇಳಿದಳು. "ಸತ್ತಿದ್ದಾರೆ. ಸಾಕಾ?"

"ಮೇಡಂ, ವಾಪಸ್ ನೂರಕ್ಕೆ ತರ್ತೀನಿ."

"ತನ್ನಿ. ಆದ್ರೆ ವೈದ್ಯರ ಅಂಕಿ ಇನ್ನೊಂದ್ಸಲ ಮುಟ್ಟಿದ ದಿನ ನಿಮ್ಮ ಸಾಮಾನು ನೀವೇ ಕಟ್ಕೊಂಡು ಹೋಗ್ಬೇಕು. ಸಹಿ ಹಾಕೋಕೆ ನನ್ನ ಪೆನ್ನು ರೆಡಿ ಇದೆ."

ಅವನು ನೂರು ಒತ್ತಿದ. ಹೆಂಡತಿಯ ಮುಖ ನೆನಪಾಗಿ ಅಳಿಸಿ ನೂರಹತ್ತು ಮಾಡಿದ. ಪರದೆಯ ಮೇಲೆ ಅಲ್ಲೊಂದು ಇಲ್ಲೊಂದು ಹೆಣ ಎದ್ದು ಮೈ ಕೊಡವಿತು. ಸ್ವಲ್ಪ ಹೊತ್ತಿಗೆ ಚೌಕ ಖಾಲಿಯಾಯಿತು, ಅತ್ತೆಯೊಬ್ಬರನ್ನು ಬಿಟ್ಟು. ಅವರು ಮಾತ್ರ ಏಳಲೇ ಇಲ್ಲ. ಸಾಯಂಕಾಲದವರೆಗೂ ತಕ್ಕಡಿ ಕೆಲಸದ ನಡುವೆ ಕತ್ತೆತ್ತಿ ನೋಡುತ್ತಲೇ ಇದ್ದ. ಅವರು ಹಾಗೇ ಬಿದ್ದಿದ್ದರು. ಕೆಟ್ಟ ಯೋಚನೆಗಳು ಬಂದವು. ಹೆಂಡತಿ ಫೋನ್ ಎತ್ತಲಿಲ್ಲ.

ಮನೆಯವರೆಗೂ ಹೆಚ್ಚುಕಡಿಮೆ ಓಡಿದ. ಕಂಪ್ಯೂಟರಿನ ಮುಂದೆ ಕುರ್ಚಿ ಖಾಲಿಯಿತ್ತು. ಒಳಕೋಣೆಯ ಬಾಗಿಲಿಗೆ ಬಂದು ಹಾಗೇ ನಿಂತ.

ಮಾವ ಕಿಟಕಿಯ ಬಳಿ ನಿಂತಿದ್ದರು. ಬಿದ್ದ ಮೇಲೆ ಅವರು ಕಾಲು ನೆಲಕ್ಕಿಟ್ಟಿದ್ದು ಇದೇ ಮೊದಲು. ಗಡ್ಡ ಬೋಳಿಸಿದ್ದ ಮುಖ ಚಿಕ್ಕದಾಗಿ ಕಾಣುತ್ತಿತ್ತು. ಒಂದು ಕೈ ಅತ್ತೆಯ ಹೆಗಲ ಮೇಲಿತ್ತು.

"ಅಲ್ಲಿ ಯಾರಿಗೂ ನಾನು ಬೇಡ ಅಂತಾಯ್ತು," ಅತ್ತೆ ಹೇಳಿದರು. "ಬೆಳಗಿಂದ ಇವರ ಹಿಂದೆ ಬಿದ್ದೆ. ನೋಡಿ, ಹಾಸಿಗೆಯಿಂದ ಇಲ್ಲಿ ತನಕ ಬಂದಿದ್ದಾರೆ."

ಮಾವ ಬೀದಿಯಲ್ಲಿ ಹೋಗುವ ಪ್ರತಿಯೊಂದು ಕಾರನ್ನೂ ಹೊಸದಾಗಿ ಕಂಡವರಂತೆ ನೋಡುತ್ತಿದ್ದರು.

ತಕ್ಕಡಿ ಫೋನನ್ನು ಜೇಬಿಗಿಟ್ಟ. ವೈದ್ಯರ ಬಲ ವಾಪಸ್ ಬಂದದ್ದನ್ನು ಹೇಳುವುದೇ ಬೇಡ ಎಂದುಕೊಂಡ. ಆದರೆ ದಂತವೈದ್ಯ ಮೆಟ್ಟಿಲಿನಿಂದಲೇ ಕೂಗುತ್ತಾ ಬಂದ. "ಅಮ್ಮಾ, ನಿಮ್ಮ ಕೈ ವಾಪಸ್ ಬಂದಿದೆ, ಮೊದಲಿಗಿಂತ ಜಾಸ್ತಿನೇ. ತಪ್ಪಾಯ್ತು, ಬನ್ನಿ. ನೀವಿಲ್ದೆ ರಣರಂಗದ ಬಾಗಿಲಲ್ಲೇ ಕಾಯ್ತಿದ್ದೀವಿ."

ಅತ್ತೆ ಹೆಗಲ ಮೇಲಿದ್ದ ಕೈಯನ್ನು ಮೆಲ್ಲಗೆ ಎತ್ತಿ ಕಿಟಕಿಯ ಸರಳಿನ ಮೇಲಿಟ್ಟರು. "ಒಂದೇ ಒಂದು ಯುದ್ಧ ರೀ, ಬಂದ್ಬಿಟ್ಟೆ," ಎಂದು ಹೋದರು.

ಮಾವನ ಮೊಣಕಾಲು ನಡುಗತೊಡಗಿತು. ತಕ್ಕಡಿ ಅವರನ್ನು ಅನಾಮತ್ತಾಗಿ ಎತ್ತಿ ತಂದು ಮಲಗಿಸಿದ. ಅತ್ತ ಹೊರಗೆ ಅತ್ತೆ ನಗುತ್ತಿದ್ದರು, ಯಾರಿಗೋ ಹೆದರಬೇಡ ಎನ್ನುತ್ತಿದ್ದರು.

"ಅಳಿಯಂದ್ರೇ, ಬೆಳಗ್ಗೆ ಅದೇನೋ ಇಳಿಸಿದ್ರಂತೆ, ಮಗಳು ಹೇಳಿದ್ಲು," ಎಂದರು ಮಾವ. "ಇನ್ನೊಂದ್ಸಲ ಇಳಿಸ್ಬಹುದಾ?"

"ಇಳಿಸಿದ್ರೆ ನನ್ನ ಕೆಲಸ ಹೋಗುತ್ತೆ ಮಾವ."

ಮಾವ ಅದನ್ನು ಒಪ್ಪಿದವರಂತೆ ತಲೆಯಾಡಿಸಿದರು.

"ಹಾಗಾದ್ರೆ ನನಗೂ ಅದನ್ನ ಹೇಳಿಕೊಡಿ. ಯೋಧನದ್ದೇ ಕೊಡಿ, ಅವರಿಗೇ ಜಾಸ್ತಿ ಏಟು ಬೀಳೋದು ಅಂತಾರಲ್ಲ. ಅಲ್ಲಿ ಬಿದ್ರೆ ಓಡಿ ಬರ್ತಾಳೆ."