ಮಲಗಿದರೆ ಮಾಯವಾಗುವ ಗಂಟು

ನನ್ನ ದೊಡ್ಡಮ್ಮ ನೋಡಲು ಬಂದರೆಂದರೆ ಅರ್ಧ ಗುಣವಾದ ರೋಗಿಯೂ ಮತ್ತೆ ನರಳತೊಡಗುತ್ತಾನೆ! ಬೋಳಾರದ ಅವರ ಮನೆಗೆ ಅತ್ತಾವರದ ಆಸ್ಪತ್ರೆಗಳು ಹತ್ತಿರವಾದದ್ದೇ ತಪ್ಪು. ಗುರುತಿನವರು ಯಾರು ಅಡ್ಮಿಟ್ ಆದರೂ ಸಂಜೆ ಇವರು ಸೀಯಾಳ ಹಿಡಿದು ಹಾಜರ್. ನೋಡಿ ಬರುವುದು ನಮ್ಮಲ್ಲಿ ಮರ್ಯಾದೆ, ಒಪ್ಪಿದೆ. ಆದರೆ ಮಂಚದ ಪಕ್ಕ ನಿಂತು, "ನಮ್ಮ ಹಿಂದಿನ ಮನೆಯವರಿಗೂ ಹೀಗೇ ಶುರುವಾದದ್ದು. ಪಾಪ, ಒಳ್ಳೆಯ ಜನ ಆಗಿದ್ರು" ಎನ್ನಬೇಕೇ?

ಅಂಥವರಿಗೇ ಹೊಕ್ಕುಳಿಗಿಂತ ಮೇಲೆ, ಎದೆಗೂಡಿನ ಕೆಳಗೆ ಒಂದು ಗಂಟು ಕಾಣಿಸಿಕೊಂಡಿತು. ಪಡೀಲಿನ ನನ್ನ ಮನೆಯಿಂದ ಕರೆಸಿ, ಬಾಗಿಲು ಹಾಕಿ ತೋರಿಸಿದರು. ನೆಲ್ಲಿಕಾಯಿಯಷ್ಟಿತ್ತು.

"ಇದು ಅದೇ ಮಾರಾಯ್ತಿ. ಯಾರಿಗೂ ಹೇಳ್ಬೇಡ, ನೋಡ್ಲಿಕ್ಕೆ ಬರ್ತಾರೆ! ದೊಡ್ಡಪ್ಪನಿಗೂ ಹೇಳ್ಬೇಡ."

ಅದು ಎಂದರೆ ಕ್ಯಾನ್ಸರ್. ಬೇರೆಯವರ ಮಂಚದ ಪಕ್ಕ ಸಲೀಸಾಗಿ ಹೇಳುತ್ತಿದ್ದ ಹೆಸರು ಈಗ ಅವರ ಬಾಯಿಗೆ ಬರಲಿಲ್ಲ. ನನಗೂ ಹೆದರಿಕೆಯಾಯಿತು.

ಆಸ್ಪತ್ರೆಗೆ ಹೊರಟಾಗಲೂ ಕೈಯಲ್ಲಿ ಸೀಯಾಳ! ಯಾರಾದರೂ ಸಿಕ್ಕರೆ ರೋಗಿಯನ್ನು ನೋಡಲು ಬಂದದ್ದೆಂದು ಹೇಳಬಹುದಲ್ಲ. ಸಿಕ್ಕಿಯೂ ಬಿಟ್ಟರು, ಅವರ ಹಳೆಯ ಗೆಳತಿ ಜುಬೈದಕ್ಕ.

"ಯಾರನ್ನು ನೋಡ್ಲಿಕ್ಕೆ? ಯಾವ ವಾರ್ಡು? ನಾನೂ ಬರ್ತೇನೆ."

ದೊಡ್ಡಮ್ಮ ತಬ್ಬಿಬ್ಬಾಗಿ ನನ್ನತ್ತ ಕೈ ತೋರಿಸಿದರು. "ಇವಳಿಗೇ! ಹೊಟ್ಟೆಯಲ್ಲಿ ಗಂಟು!"

ಅಂದು ಡಾಕ್ಟರು ಸಿಗಲಿಲ್ಲ, ನಾಳೆ ಬನ್ನಿ ಎಂದರು. ಆದರೆ ಸಂಜೆಯೊಳಗೆ ನನ್ನ ರೋಗದ ಸುದ್ದಿ ಊರಿಡೀ! ಮೊಬೈಲಿಗೆ ಬಿಡುವಿಲ್ಲ. ಚಿಕ್ಕಮ್ಮ ಪಿತ್ತಕೋಶದ ಕಲ್ಲೆಂದರು. ಅತ್ತಿಗೆ ಲಿವರ್ ಊದಿಕೊಂಡದ್ದೆಂದರು. ಬರೀ ಕೊಬ್ಬು, ಕೋರಿರೊಟ್ಟಿ ಕಡಿಮೆ ಮಾಡು ಎಂದರು ಭಾವ. ಒಬ್ಬರಂತೂ ಮೂಸಂಬಿ ಹಿಡಿದು ಮನೆಗೇ ಬಂದು ಅತ್ತರು! ದೊಡ್ಡಮ್ಮ ನಡುನಡುವೆ ಫೋನ್ ಮಾಡಿ, "ಈಗ ಯಾರು ಎಂತ ಹೇಳಿದ್ರು?" ಎಂದು ವಿಚಾರಿಸುತ್ತಿದ್ದರು. ಕೊಬ್ಬು ಎಂದಾಗ, "ಭಾವ ತಿಳಿದವರು ಮಾರಾಯ್ತಿ," ಎಂದರು.

ಮರುದಿನ ಡಾಕ್ಟರಮ್ಮ ಮಲಗಿಸಿ ನೋಡಿದರೆ ಗಂಟೇ ಇಲ್ಲ!

"ಎಲ್ಲಿ ಉಂಟು?"

"ಬೆಳಿಗ್ಗೆ ಇತ್ತು ಡಾಕ್ಟ್ರೇ, ಸತ್ಯವಾಗಿ!"

"ಎದ್ದು ನಿಂತು ಕೆಮ್ಮಿ."

ಕೆಮ್ಮಿದರು. ಗಂಟು ಠಕ್ಕನೆ ಹಾಜರ್!

ಸ್ಕ್ಯಾನ್ ಆಯಿತು. ಹರ್ನಿಯಾ! ಹೊಟ್ಟೆಯ ಗೋಡೆಯಲ್ಲೊಂದು ಸಣ್ಣ ಕಿಂಡಿ, ಅದರಿಂದ ಒಳಗಿನ ಕೊಬ್ಬು ಇಣುಕುತ್ತದಂತೆ. ಸಣ್ಣದೊಂದು ಆಪರೇಷನ್ ಸಾಕಂತೆ.

"ಹಾಗಾದ್ರೆ ಅದು ಅಲ್ವಾ?"

"ಅಲ್ಲಮ್ಮ, ಕ್ಯಾನ್ಸರ್ ಅಲ್ಲ."

ಆಮೇಲಿನ ಗತ್ತು ನೋಡಬೇಕಿತ್ತು! ಕಂಬಳ ಗೆದ್ದ ಕೋಣವೂ ಅಷ್ಟು ಬೀಗಲಿಕ್ಕಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಜುಬೈದಕ್ಕನಿಗೆ ಫೋನ್: "ಗಂಟು ನನ್ನದು! ಹರ್ನಿಯಾ! ಅಡ್ಮಿಟ್ ಆದಾಗ ನೋಡ್ಲಿಕ್ಕೆ ಬರ್ಬೇಕು ಆಯ್ತಾ!" ರಿಕ್ಷಾದವನಿಗೂ ಪೂರ್ತಿ ಕಥೆ ಹೇಳಿದರು.

"ದೊಡ್ಡಪ್ಪನಿಗೆ ಹೇಳುವುದಿಲ್ವಾ?" ಎಂದೆ.

"ಅವರಿಗೆ ಗೊತ್ತೇ ಇಲ್ಲ. ಇನ್ನು ಎಂತಕ್ಕೆ ಹೇಳುವುದು?"

ಮನೆಯೊಳಗೆ ಕಾಲಿಟ್ಟರೆ ಮೀನು ಸೀದ ವಾಸನೆ. ಮೊನ್ನೆಯವರೆಗೆ ಚಾ ಮಾಡಲೂ ಬಾರದಿದ್ದ ದೊಡ್ಡಪ್ಪ ಬಂಗುಡೆ ಸಾರಿನ ಮುಂದೆ ಬೆವರುತ್ತಿದ್ದರು. ಗಂಟು ಕಂಡ ದಿನದಿಂದ ದೊಡ್ಡಮ್ಮ ಅವರಿಗೆ ಒಂದೊಂದೇ ಅಡುಗೆ ಕಲಿಸುತ್ತಿದ್ದರಂತೆ. ಯಾಕೆಂದು ದೊಡ್ಡಮ್ಮ ಹೇಳಿರಲಿಲ್ಲ, ದೊಡ್ಡಪ್ಪ ಕೇಳಿರಲಿಲ್ಲ.

"ಡಾಕ್ಟ್ರು ಎಂತ ಹೇಳಿದ್ರು?" ಎಂದರು ದೊಡ್ಡಪ್ಪ, ನಮ್ಮತ್ತ ತಿರುಗದೆ.

ದೊಡ್ಡಮ್ಮ ದಂಗಾಗಿ ನಿಂತರು. "ಎಂತದೂ ಇಲ್ಲ. ಬರೀ ಹರ್ನಿಯಾ."

ದೊಡ್ಡಪ್ಪ ಗ್ಯಾಸ್ ಆರಿಸಿದರು. ಸೌಟನ್ನು ದೊಡ್ಡಮ್ಮನ ಕೈಗಿಟ್ಟು, ಅಲ್ಲೇ ಕುಳಿತು ಮಗುವಿನಂತೆ ಅತ್ತುಬಿಟ್ಟರು.

"ಇನ್ನು ನನಗೆ ಅಡುಗೆ ಕಲಿಸ್ಬೇಡ," ಎಂದರು.