ಮುತ್ಯಾನ ಆಕಾಶದ ಆಸ್ತಿ

ಸುಮಾ, ಬಸು, ನಿಮ್ಮ ಮುತ್ಯಾಗೆ, ಅಂದರೆ ನನ್ನ ಯಜಮಾನರಿಗೆ, ಆಕಾಶದಲ್ಲಿ ಆಸ್ತಿ ಇತ್ತು. ನಗಬೇಡಿ! ನೆಲದ ಮೇಲೆ ಅವರಿಗಿದ್ದದ್ದು ಶಹಾಪುರದ ಒಂದು ಸಣ್ಣ ಅರಿವೆ ಅಂಗಡಿ. ಮೇಲೆ ಮಾತ್ರ ಒಂದು ಕಲ್ಲು. ಮಂಗಳ, ಗುರು ಈ ಎರಡು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುವ ಲಕ್ಷಾಂತರ ಕಲ್ಲುಗಳಲ್ಲಿ ಒಂದನ್ನು ಮೊದಲು ಕಂಡವರು ಅವರೇ. ಅವರು ಹೋದ ಮೇಲೆ ಮನೆ ಮೂಕವಾಗಿದೆ. ಇದನ್ನೆಲ್ಲ ಬಾಯಲ್ಲಿ ಹೇಳಲು ನನಗೆ ಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಕಂಡದ್ದು ಎಲ್ಲಿ ಅಂತೀರಿ? ಅಂಗಡಿಯ ಗಾದಿಯ ಮೇಲೆ ಕೂತು! ಯಾವುದೋ ದೇಶದ ದೊಡ್ಡ ದುರ್ಬೀನಿನಲ್ಲಿ ತೆಗೆದ ಫೋಟೋಗಳು ಕಂಪ್ಯೂಟರಿಗೆ ಬರುತ್ತಿದ್ದವು. ಒಂದರ ಹಿಂದೊಂದು ನೋಡಿ, ಜಾಗ ಬಿಟ್ಟು ಸರಿದ ಚುಕ್ಕೆಯನ್ನು ಹುಡುಕಬೇಕು. ಒಮ್ಮೆ ಜಂಪರ್ ಪೀಸ್ ಕೇಳಲು ಬಂದ ಹೆಣ್ಣುಮಗಳಿಗೆ, "ತಡಿಯವ್ವ, ಇಲ್ಲೇನೋ ಸರದಾಡಾಕತ್ತದ" ಅಂದರು. ಆಕೆ ಹಾವೆಂದು ತಿಳಿದು ಚಪ್ಪಲಿ ಬಿಟ್ಟು ಓಡಿದಳು! ಇನ್ನೊಮ್ಮೆ "ಸಿಕ್ತು!" ಎಂದು ಕೂಗಿದರು. ನಾನು ಸೆರಗಿನಿಂದ ಪರದೆ ಒರೆಸಿದೆ. ಗ್ರಹ ಸೆರಗಿಗೆ ಬಂತು. ನೊಣದ ಹಿಕ್ಕೆ!

ನಿಜವಾದದ್ದು ಸಿಕ್ಕು, ಅದು ಹೊಸದೇ ಎಂದು ಬಲ್ಲವರು ಒಪ್ಪುವಷ್ಟರಲ್ಲಿ ವರ್ಷಗಳು ಕಳೆದವು. ಅಂಗಡಿ ಮುಚ್ಚಿತ್ತು. ಅವರು ಎದೆರೋಗದಿಂದ ಹಾಸಿಗೆ ಹಿಡಿದಿದ್ದರು. ಕಂಡವರೇ ಹೆಸರು ಸೂಚಿಸಬಹುದು, ತಮ್ಮ ಹೆಸರನ್ನು ಮಾತ್ರ ಇಡುವಂತಿಲ್ಲ ಎಂದು ಆ ಬಲ್ಲವರು ತಿಳಿಸಿದರು. ಆಗ ನೋಡಬೇಕಿತ್ತು ನಮ್ಮ ಮನೆ! ಕೊಂಕಲ್‌ನಿಂದ ಬಂದ ನನ್ನ ಭಾವ, ಅಂದರೆ ಮುತ್ಯಾನ ಅಣ್ಣ, ನೀರು ಕುಡಿಯುವ ಮೊದಲೇ ಕೇಳಿದರು:

"ಎಷ್ಟು ಎಕರೆ ಅದಪಾ?"

"ಹತ್ತಿಕುಣಿ ಕೆರಿಯಷ್ಟು ಇರಬಹುದು, ಅಣ್ಣ."

"ನೀರಾವರಿನೋ, ಖುಷ್ಕಿನೋ?"

"ಖುಷ್ಕಿ. ಗಾಳಿ ಸೈತ ಇಲ್ಲ."

"ಹಂಗಾರ ನಿನಗೇ ಇರ್ಲಿ ಬಿಡು. ಹೆಸರು ಮಾತ್ರ ಅಪ್ಪಂದು ಇಡು!"

ಓಣಿಯವರೂ ಬಂದರು. ಒಬ್ಬ ತನ್ನ ಮುಖಂಡನ ಹೆಸರು ಹೇಳಿದ, ಇನ್ನೊಬ್ಬ ತನ್ನ ಮನೆದೇವರದು. ನಿಮ್ಮ ಮುತ್ಯಾ ಎಲ್ಲರಿಗೂ ಹೂಂ ಅಂದರು. ಬೇರೆ ಮಾತಿಗೆ ಉಸಿರು ಸಾಲುತ್ತಿರಲಿಲ್ಲ. ಹೆಸರು ಕಳಿಸದೆಯೇ ಹೋಗಿಬಿಡುತ್ತಾರೇನೋ ಎಂದು ನನಗೆ ದಿಗಿಲು.

ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಕೇಳಿದರು: "ಲಗ್ನದಾಗ ನಿನ್ನ ಹೆಸರು ಬದಲಿ ಮಾಡಿದ್ವಿ. ಮೊದಲಿಂದು ಏನಿತ್ತು?"

ನಮ್ಮಲ್ಲಿ ಹಾಗೆಯೇ. ಅಕ್ಷತೆ ಬಿದ್ದ ದಿನ ಗಂಡನ ಮನೆಯವರು ಹೊಸ ಹೆಸರು ಇಡುತ್ತಾರೆ. ನಮ್ಮವ್ವ ಸತ್ತ ಮೇಲೆ ನನ್ನನ್ನು ಹಳೆಯ ಹೆಸರಿನಿಂದ ಕರೆಯುವವರೇ ಇರಲಿಲ್ಲ. ಬಾಯಿಂದ ತೆಗೆಯಲು ನಾಚಿಕೆಯಾಯಿತು. ಆದರೂ ಹೇಳಿದೆ.

"ಅದನ್ನ ಕಳಿಸ್ತೀನಿ."

"ಏನ್ರಿ, ನನ್ನ ಹೆಸರು ಕಲ್ಲಿಗಾ?"

"ಕಲ್ಲಿಗೇ ಇಡಬೇಕು. ಮತ್ತ ಯಾರೂ ಬದಲಿ ಮಾಡಂಗಿಲ್ಲ."

ಮೊಬೈಲ್ ಹಿಡಿದು, ಒಂದೊಂದೇ ಅಕ್ಷರ ಒತ್ತಿ ತಾವೇ ಕಳಿಸಿದರು. ಆ ವಾರವೇ ಹೋದರು. ತಮ್ಮ ಅಪ್ಪನ ಹೆಸರೇ ಹೋಗಿದೆ ಎಂದು ಭಾವ ಇಂದಿಗೂ ತಿಳಿದಿದ್ದಾರೆ. ನಾನು ಬಾಯಿ ಬಿಟ್ಟಿಲ್ಲ.

ಒಪ್ಪಿಗೆ ಇನ್ನೂ ಬಂದಿಲ್ಲ. ನಾನಿರುವಾಗ ಬರುತ್ತದೋ ಇಲ್ಲವೋ. ಬಂದರೆ, ಆ ಹೆಸರು ಯಾರದೆಂದು ಈ ಮನೆಯಲ್ಲಿ ಯಾರಿಗೂ ತಿಳಿಯದು. ಆಧಾರ್ ಕಾರ್ಡಿನಲ್ಲೂ ನಾನು ಸುಭದ್ರಾಬಾಯಿಯೇ.

ನೀಲವ್ವ ಅಂದರೆ ನಾನು, ಮಕ್ಕಳೇ. ಈ ಹಾಳೆಗಳನ್ನು ಜೋಪಾನವಾಗಿಡಿ.